ಸೋಮವಾರ ಹೂಡದ ಕಾರು

ನಮ್ಮ ಮನೆಗೆ ಕಾರು ಬಂದ ಇಸವಿ ಕೇಳಿದರೆ ಐವತ್ತೆಂಟೋ ಐವತ್ತೊಂಬತ್ತೋ ಎಂದು ತಡವರಿಸುತ್ತೇನೆ. ಅವತ್ತಿನ ಅಡುಗೆ ಏನೆಂದು ಕೇಳಿದರೆ ಮಾತ್ರ ತಡವರಿಕೆಯಿಲ್ಲ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶಾವಿಗೆ ಪಾಯಸ, ಜೊತೆಗೆ ತಳಹಿಡಿದ ಅನ್ನ. ಹಾರನ್ನಿನ ಸದ್ದು ಕೇಳಿ ಅತ್ತೆಯೂ ನಾನೂ ಒಲೆ ಬಿಟ್ಟು ಬಾಗಿಲಿಗೆ ಓಡಿದ್ದೆವು, ಅಷ್ಟರಲ್ಲಿ ಅನ್ನ ಸೀದಿತ್ತು. ಆ ಕಾರಿನ ದೆಸೆಯಿಂದ ನಮ್ಮ ಮನೆಯಲ್ಲಿ ಮೊದಲು ಕಾದು ಕೆಟ್ಟದ್ದು ಅದೇ.

ಶಿವಮೊಗ್ಗದ ವೈದ್ಯರೊಬ್ಬರು ಬಹಳ ವರ್ಷ ಓಡಿಸಿ ದಣಿಸಿದ್ದ ಕಪ್ಪು ಬಣ್ಣದ ಇಂಗ್ಲಿಷ್ ಕಾರು ಅದು. ನಮ್ಮ ಯಜಮಾನರಿಗೆ ಶಿಕಾರಿಪುರದಲ್ಲಿ ಭತ್ತ ಜೋಳದ ವ್ಯಾಪಾರ. ಹಳ್ಳಿಗಳಿಗೆ ಹೋಗಿ ಕಣದಲ್ಲೇ ಕಾಳು ನೋಡಿ ಬರಲು ಕಾರು ಬೇಕೇ ಬೇಕು ಎಂಬುದು ಅವರು ಮನೆಯಲ್ಲಿ ಹೇಳಿದ ಕಾರಣ. ಹೇಳದ ಕಾರಣ ಅವರ ಮುಖದಲ್ಲೇ ಇತ್ತು. ಕಾರು ಬಂದ ವಾರವೆಲ್ಲ, ಪೇಟೆಗೆ ನಡೆದು ಹೋಗುವಾಗಲೂ ಅವರ ಕೈ ತನ್ನಷ್ಟಕ್ಕೆ ಗೇರು ಹಾಕುತ್ತಿತ್ತು.

ಮಾವನವರು ಎತ್ತಿನ ಬಾಲ ಹಿಡಿದೇ ಬೆಳೆದವರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರವನ್ನು ಕಾಲಿನಿಂದ ತಟ್ಟಿ ನೋಡಿ, "ಇರ್ಲಿ. ಆದ್ರ ಒಂದು ಮಾತು. ಸೋಮವಾರ ಹೂಡಬಾರ್ದು" ಎಂದರು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವನ ದಿನ. ಎತ್ತಿನ ಮೈ ತೊಳೆದು, ಹೊಟ್ಟೆ ತುಂಬ ಮೇವು ಹಾಕಿ, ಬಂಡಿಯ ಹಗ್ಗ ಪಟ್ಟಿಗಳಿಗೆ ಎಣ್ಣೆ ಸವರಿ ಬಿಡುವ ದಿನ.

"ಅಪ್ಪಾ, ಇದಕ್ಕ ನೊಗ ಎಲ್ಲೈತಿ?" ಎಂದು ಇವರು ನಕ್ಕರು.

"ಮುಂದಿನ ಮುಚ್ಚಳ ತಗಿ, ತೋರಸ್ತೀನಿ."

ಇವರು ತೆಗೆದರು. ಎಂಜಿನ್ನಿನ ಮುಂಭಾಗದಲ್ಲಿ ಹೆಬ್ಬೆರಳು ದಪ್ಪದ ಕಪ್ಪು ಬೆಲ್ಟೊಂದು ಮೂರು ಗಾಲಿಗಳನ್ನು ಬಳಸಿಕೊಂಡು ನಿಂತಿತ್ತು. ಕೆಳಗಿನ ಗಾಲಿಯನ್ನು ಎಂಜಿನ್ನು ತಿರುಗಿಸುತ್ತದೆ, ಬೆಲ್ಟು ಆ ತಿರುಗಾಟವನ್ನು ಮೇಲಿನ ಫ್ಯಾನಿಗೂ ಪಕ್ಕದ ಡೈನಮೋಕ್ಕೂ ಮುಟ್ಟಿಸುತ್ತದೆ. ಫ್ಯಾನು ತಿರುಗಿದರೆ ನೀರು ತಣ್ಣಗಿರುತ್ತದೆ, ಡೈನಮೋ ತಿರುಗಿದರೆ ಬ್ಯಾಟರಿ ತುಂಬುತ್ತದೆ. ಇದನ್ನೆಲ್ಲ ಇವರು ವಿವರಿಸುತ್ತಿದ್ದಾಗ ಮಾವನವರು ಬೆಲ್ಟಿನ ಮೇಲೆ ಬೆರಳಿಟ್ಟು, "ಇದು ಮಿಣಿ ಅಲ್ದ ಮತ್ತೇನು?" ಎಂದರು. ಮಿಣಿ ಎಂದರೆ ನೊಗವನ್ನು ಬಂಡಿಗೆ ಬಿಗಿಯುವ ಚರ್ಮದ ಹಗ್ಗ. "ಎತ್ತು ಒಳಗೈತಿ, ಮಿಣಿ ಹೊರಗೈತಿ. ಸೋಮವಾರ ಬ್ಯಾಡ ಅಂದ್ರ ಬ್ಯಾಡ."

ಹೀಗೆ ಶಿಕಾರಿಪುರದಲ್ಲಿ ಸೋಮವಾರ ರಜಾ ಇದ್ದ ಒಂದೇ ಒಂದು ಕಾರು ನಮ್ಮದಾಯಿತು. ಎದುರು ಮನೆಯವರು, "ಇವತ್ತು ಹುಲ್ಲು ಹಾಕಿದ್ರೋ ಇಲ್ಲೋ?" ಎಂದು ಪ್ರತಿ ಸೋಮವಾರ ತಪ್ಪದೆ ವಿಚಾರಿಸುತ್ತಿದ್ದರು.

ಕಾರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಅದನ್ನು ಇವರು ಊಟವಾದ ಮೇಲೆ ತುಟಿ ಅಲ್ಲಾಡಿಸುತ್ತ ಓದುವರು. ಬೆಲ್ಟಿನ ವಿಷಯಕ್ಕೆ ಪುಸ್ತಕ ಹೇಳಿದ್ದು ಇಷ್ಟು: ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಅರ್ಧ ಇಂಚು ತಗ್ಗಬೇಕು. ತಗ್ಗದಿದ್ದರೆ ಅತಿ ಬಿಗಿ, ಇನ್ನೂ ಕೆಳಗೆ ಹೋದರೆ ಸಡಿಲ. ಡೈನಮೋದ ಕಿವಿಯಲ್ಲೊಂದು ಉದ್ದನೆಯ ಸೀಳು ಇತ್ತು. ಅಲ್ಲಿನ ಬೋಲ್ಟು ಸಡಿಲಿಸಿ ಡೈನಮೋವನ್ನು ಆಚೆಗೆಳೆದರೆ ಬೆಲ್ಟು ಬಿಗಿಯುತ್ತಿತ್ತು, ಈಚೆಗೆ ತಳ್ಳಿದರೆ ಸಡಿಲುತ್ತಿತ್ತು. ಕೇಳಲು ಸುಲಭ. ಆದರೆ ಎಷ್ಟು ಜೋರಾಗಿ ಒತ್ತಬೇಕು, ಯಾರ ಹೆಬ್ಬೆರಳಿನಿಂದ ಒತ್ತಬೇಕು ಎಂದು ಪುಸ್ತಕ ಬರೆದವನು ಹೇಳಿರಲಿಲ್ಲ. ನಮ್ಮ ಯಜಮಾನರದು ಭತ್ತದ ಚೀಲ ಎತ್ತಿ ಎತ್ತಿ ಕಲ್ಲಾದ ಹೆಬ್ಬೆರಳು. ಅದು ಒತ್ತಿದರೆ ಹೊಸ್ತಿಲೂ ಅರ್ಧ ಇಂಚು ತಗ್ಗೀತು. ಅವರ ಕೈಯಲ್ಲಿ ಅರ್ಧ ಇಂಚು ತಗ್ಗುವ ಬೆಲ್ಟನ್ನು ನಾನು ಒತ್ತಿದರೆ ಅದು ಮಿಸುಕುತ್ತಲೇ ಇರಲಿಲ್ಲ.

ನನಗೆ ಬೆಲ್ಟು ಹೊಸದಲ್ಲ. ನನ್ನ ತವರು ಸೊರಬ. ಮದುವೆಯಲ್ಲಿ ಅಪ್ಪ ಕೊಟ್ಟ ಕಾಲು ಮಿಷನ್ನಿನಲ್ಲಿ ನಮ್ಮ ಬೀದಿಯ ಅರ್ಧ ಕುಪ್ಪಸಗಳು ಹೊಲಿಗೆಯಾಗಿ ಹೋಗುತ್ತಿದ್ದವು. ಅದರ ಚರ್ಮದ ಬೆಲ್ಟು ಬಿಗಿಯಾದರೆ ಸಂಜೆಗೆ ಕಾಲು ಹರಡು ನೋಯುತ್ತದೆ, ಸಡಿಲಾದರೆ ಕೆಳಗಿನ ಚಕ್ರ ಒಂದೇ ಸಮ ತಿರುಗಿದರೂ ಸೂಜಿ ಸುಮ್ಮನೆ ನಿಂತಿರುತ್ತದೆ. ಇದನ್ನೇ ಇವರಿಗೆ ಒಮ್ಮೆ ಹೇಳಿದೆ. "ಬೆಲ್ಟು ತುಂಬ ಬಿಗಿಯಾಯ್ತು ಅನ್ನಿಸ್ತದೆ ರೀ. ಹಣ್ಣಾಯ್ತಾ ಅಂತ ಮಾವಿನಕಾಯಿ ಅಮುಕಿ ನೋಡ್ತೇವಲ್ಲ, ಅಷ್ಟೇ ಒತ್ತಬೇಕು."

ಇವರು ಪುಸ್ತಕದಿಂದ ತಲೆ ಎತ್ತಲಿಲ್ಲ. "ನಿನ್ನ ಮಿಷನ್ನಿಗೆ ನೀರು ಹಾಕ್ತಾರೇನು? ಪೆಟ್ರೋಲ್ ಹಾಕ್ತಾರೇನು?"

"ಇಲ್ಲ."

"ಮತ್ತ?"

ಒಂದು ಕುಪ್ಪಸಕ್ಕೆ ಗುಂಡಿ ಹಾಕುವುದು ಬಾಕಿ ಇತ್ತು, ಎದ್ದು ಹೋದೆ.

ಆಯುಧಪೂಜೆ ಬಂತು. ಮಾವನವರು ಕಾರಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳ ಒಡೆದರು. ಅಲ್ಲಿಂದಾಚೆ ಕಾರಿಗೆ ವಿಚಿತ್ರ ರೋಗವೊಂದು ಅಂಟಿಕೊಂಡಿತು. ಮಂಗಳವಾರ ಬೆಳಿಗ್ಗೆ ಹೊರಡಿಸಿದರೆ ಮುಂಭಾಗದಿಂದ ಹಂದಿಮರಿ ಹಿಡಿದಂತೆ ಕಿರುಚಾಟ. ನಾಲ್ಕು ಮೈಲಿ ಹೋಗುವುದರೊಳಗೆ ನೀರು ಕುದಿಯುವುದು. ಇವರು ಬೆಲ್ಟು ಬಿಗಿ ಮಾಡುವರು. ಬುಧವಾರ ಕಿರುಚಾಟ ಕಡಿಮೆ, ಶುಕ್ರವಾರದ ಹೊತ್ತಿಗೆ ಸದ್ದಿಲ್ಲ. ಮತ್ತೆ ಮಂಗಳವಾರ ಮೊದಲಿನ ಹಾಡು. ಮತ್ತೆ ಬಿಗಿ. ಇನ್ನೊಂದು ವಾರ ಕಳೆಯುವಷ್ಟರಲ್ಲಿ ಡೈನಮೋ ಕೂಡ ಸಣ್ಣಗೆ ಕೊರಗಲು ಶುರುವಾಯಿತು.

"ಮಂಗಳವಾರವೇ ಯಾಕೆ ರೀ?" ಎಂದು ಕೇಳಿದೆ.

"ಒಂದು ದಿನ ಸುಮ್ನ ನಿಂತ್ರ ಸೋಮಾರಿ ಆಗ್ತೈತಿ. ಅಪ್ಪಗ ಯಾರು ಹೇಳ್ಬೇಕು?"

ಅದೇ ದಿನಗಳಲ್ಲಿ ಅಡುಗೆಮನೆಯಲ್ಲಿ ಇನ್ನೊಂದು ಮುನಿಸು ನಡೆದಿತ್ತು. ಹರಳೆಣ್ಣೆಯ ಕುಡಿಕೆ ಬೇಗ ಬೇಗ ತಳ ಕಾಣುತ್ತಿತ್ತು. ಅತ್ತೆ ತಾವೇ ಹರಳು ಹುರಿದು, ಕುಟ್ಟಿ, ಕಾಯಿಸಿ ತೆಗೆದ ಎಣ್ಣೆ. ನೇರವಾಗಿ ನನಗೆ ಏನೂ ಅನ್ನಲಿಲ್ಲ, ಬೆಕ್ಕಿಗೆ ಹೇಳಿದರು. "ಹರಳೆಣ್ಣಿ ತಾನಽ ಕುಡಿಕಿ ಬಿಟ್ಟು ನಡದು ಹೋಗ್ತೈತಿ ನೋಡವ್ವ. ಸೊರಬದವ್ರ ತಲಿ ಬಾಳ ಉಷ್ಣ ಇರ್ಬೇಕು." ನನ್ನ ತಲೆಗೆ ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಬೆಕ್ಕಿಗೆ ಅದು ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಆದರೂ ಎಣ್ಣೆ ಎಲ್ಲಿ ಹೋಯಿತೆಂಬುದಕ್ಕೆ ಯಾರಾದರೂ ಒಬ್ಬರು ಬೇಕಲ್ಲ.

ಇಷ್ಟರಲ್ಲಿ ನಾದಿನಿಗೆ ಕಾರ್ಡು ಬಂತು. ಅವಳಿಗಾಗ ಹತ್ತೊಂಬತ್ತು. ಟೀಚರ್ಸ್ ಟ್ರೈನಿಂಗ್ ಮುಗಿಸಿ ಒಂದು ವರ್ಷದಿಂದ ಮನೆಯಲ್ಲಿ ಕೂತಿದ್ದಳು. ಆ ವರ್ಷ ಕೆಲಸ ಸಿಗದಿದ್ದರೆ ಮದುವೆ ಎಂದು ಅತ್ತೆ ತೀರ್ಮಾನಿಸಿ ಆಗಿತ್ತು. ಹುಡುಗನನ್ನು ಹುಡುಕುವುದಷ್ಟೇ ಬಾಕಿ. ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯ ಹುದ್ದೆಗೆ ಸೊರಬದಲ್ಲಿ ಸಂದರ್ಶನ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಜರಾಗತಕ್ಕದ್ದು ಎಂದು ಕಾರ್ಡಿನಲ್ಲಿತ್ತು. ಹಾಜರಾಗದಿದ್ದರೆ ಹೆಸರು ಬಿಟ್ಟುಹೋದಂತೆ.

"ಅಣ್ಣಾ, ನಾನು ಬಸ್ಸಿಗೇ ಹೋಗ್ತೀನಿ" ಎಂದಳು ಅವಳು. ಕಾರ್ಡಿನಲ್ಲಿದ್ದ ಮಂಗಳವಾರವನ್ನು ನಾನೂ ನೋಡಿದ್ದೆ, ಅವಳೂ ನೋಡಿದ್ದಳು.

"ಮನಿ ಮುಂದ ಕಾರು ಇಟ್ಕೊಂಡು ನನ್ನ ತಂಗಿ ಬಸ್ಸಿನಾಗ ನಿಂತು ಹೋಗ್ಬೇಕೇನು?"

ಮಾತು ಅಲ್ಲಿಗೆ ಮುಗಿಯಿತು. ದೀಪಾವಳಿ ಹತ್ತಿರವಿದ್ದುದರಿಂದ ನಾನೂ ಹೊರಟೆ, ಅವಳ ಸಂದರ್ಶನ ಮುಗಿದ ಮೇಲೆ ಇಬ್ಬರೂ ನನ್ನ ತವರಿನಲ್ಲಿ ಹಬ್ಬಕ್ಕೆ ಉಳಿಯುವುದೆಂದು. ಬೀಗರ ಮನೆಗೆಂದು ಅತ್ತೆ ಒಂದು ಡಬ್ಬ ಸೀಗೆಪುಡಿ ಕಟ್ಟಿದರು. "ನಿಮ್ಮ ಕಡಿ ಸೀಗಿ ನೊರಿ ಬರಂಗಿಲ್ಲ. ಹಬ್ಬದ ಎಣ್ಣಿ ಇಳೀಬೇಕಲ್ಲ." ಮಾವನವರು ಹೊಸ ವಲ್ಲಿವಸ್ತ್ರ ಹೆಗಲಿಗೆ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮಗಳ ಸಂದರ್ಶನಕ್ಕೆ ತಾವಿಲ್ಲದೆ ಆದೀತೇ?

ಏಳೂವರೆಗೆ ಹೊರಡಬೇಕಾದವರು ಅತ್ತೆಯ ಬುತ್ತಿ ಮುಗಿಯದೆ ಎಂಟು ದಾಟಿಸಿದೆವು. ಊರು ಬಿಡುವ ಮೊದಲೇ ಹಂದಿಮರಿ ಕಿರುಚಿತು. ಇವರು ನಮಗೆ ಕೇಳಿಸದಿರಲೆಂದು ಮೇಲಿಂದ ಮೇಲೆ ಹಾರನ್ ಹೊಡೆದರು. ನಾದಿನಿ ನನ್ನ ಪಕ್ಕ ಕೂತು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಸಂದರ್ಶನದಲ್ಲಿ ಎರಡನೇ ತರಗತಿಗೆ ಪಾಠ ಮಾಡಿ ತೋರಿಸಲು ಹೇಳುತ್ತಾರೆಂದು ಯಾರೋ ಹೇಳಿದ್ದರು. "ಮಕ್ಕಳೇ, ಇದು ಹಸು. ಹಸುವಿಗೆ ನಾಲ್ಕು ಕಾಲು."

ಸ್ವಲ್ಪ ದೂರ ಹೋಗುವುದರಲ್ಲಿ ಗಾಜಿನ ಕೆಳಗೆ ಸಣ್ಣದೊಂದು ಕೆಂಪು ದೀಪ ಹತ್ತಿತು. ಮಾವನವರ ಮುಖ ಅರಳಿತು. "ಒಳ್ಳೇ ಕೆಲಸಕ್ಕ ಹೊಂಟೀವಿ, ನೋಡು, ದೀಪ ತಾನಽ ಹತ್ತೈತಿ."

"ಅದು ಹತ್ತಬಾರ್ದಪ್ಪ" ಎಂದರು ಇವರು, ಹಲ್ಲು ಕಚ್ಚಿಕೊಂಡು.

ಡೈನಮೋ ಸರಿಯಾಗಿ ತಿರುಗುತ್ತಿಲ್ಲ ಎಂದು ಹೇಳುವ ದೀಪ ಅದು. ಶಿರಾಳಕೊಪ್ಪ ಇನ್ನೂ ಮೂರು ಮೈಲಿ ಇರುವಾಗ ಎಂಜಿನ್ನಿನ ಮುಚ್ಚಳದ ಸಂದಿಯಿಂದ ಹಬೆ ಎದ್ದಿತು. ಇವರು ಕಾರನ್ನು ರಸ್ತೆ ಪಕ್ಕದ ಹುಣಸೆಮರದ ಕೆಳಗೆ ನಿಲ್ಲಿಸಿದರು. ರೇಡಿಯೇಟರಿನೊಳಗೆ ನೀರು ಮದುವೆಮನೆಯ ಹಂಡೆಯಂತೆ ಗುಳುಗುಳು ಎನ್ನುತ್ತಿತ್ತು.

ಅದೇ ಹೊತ್ತಿಗೆ ಹಿಂದಿನಿಂದ ಸೊರಬದ ಬಸ್ಸು ಬಂತು. ಹನ್ನೊಂದರ ಒಳಗೆ ಸೊರಬ ಮುಟ್ಟಿಸುವ ಬಸ್ಸು ಅದೊಂದೇ. ಕಂಡಕ್ಟರು ಪುಣ್ಯಾತ್ಮ, ನಿಲ್ಲಿಸಿದ. ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಏನ್ರೀ ಸಾವ್ಕಾರ್ರೆ, ನೀರು ಕಾಸಾಕ ಹತ್ತೀರಿ? ಚಾಕ್ಕೋ, ಸ್ನಾನಕ್ಕೋ?" ಎಂದ.

ಬಸ್ಸಿನೊಳಗೆ ಎಲ್ಲರೂ ನಕ್ಕರು. ನಗದಿದ್ದರೆ ಇವರು ತಂಗಿಯನ್ನು ಹತ್ತಿಸುತ್ತಿದ್ದರೋ ಏನೋ.

"ಅವಳನ್ನಾದ್ರೂ ಕಳಿಸಿ" ಎಂದು ನಾನು ಮೆಲ್ಲಗೆ ಅಂದೆ.

"ನೀವು ಹೋಗ್ರಿ" ಎಂದರು ಇವರು ಕಂಡಕ್ಟರನಿಗೆ. "ಹತ್ತು ನಿಮಿಷದಾಗ ನಿಮ್ಮನ್ನ ಹಿಂದ ಹಾಕ್ತೀವಿ."

ಬಸ್ಸು ಹೋಯಿತು. ಅದರ ಧೂಳು ಅಡಗುವ ತನಕ ನಾದಿನಿ ರಸ್ತೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಸರ್ಟಿಫಿಕೇಟುಗಳ ಕವರನ್ನು ಎದೆಗೆ ಒತ್ತಿಕೊಂಡು, "ಅಣ್ಣಾ, ಹತ್ತು ನಿಮಿಷ ಅಂದ್ಯಲ್ಲ, ಯಾವ ಗಡಿಯಾರದಾಗ?" ಎಂದು ಕೇಳಿದಳು. ದನಿಯಲ್ಲಿ ನಗು ಇರಲಿಲ್ಲ. ಇವರು ತಿರುಗಿ ನೋಡದೆ ಸ್ಪ್ಯಾನರು ಹುಡುಕಿದರು.

ಬೋಲ್ಟು ಸಡಿಲಿಸಿ ಡೈನಮೋ ಎಳೆಯಲು ಹೋದಾಗ ಇವರ ಕೈ ನಿಂತಿತು. ಬೋಲ್ಟು ಆಗಲೇ ಸೀಳಿನ ಕೊನೆಗೆ ಬಂದು ಕೂತಿತ್ತು. ಇಷ್ಟು ದಿನ ಬಿಗಿದು ಬಿಗಿದು ಇನ್ನು ಎಳೆಯಲು ಕೂದಲೆಳೆಯಷ್ಟೂ ಜಾಗವಿರಲಿಲ್ಲ.

"ಇನ್ನೂ ಬಿಗಿ ಮಾಡು" ಎಂದರು ಮಾವನವರು. "ಮಿಣಿ ಸಡಿಲಾದ್ರ ನೊಗ ಬೀಳ್ತೈತಿ."

"ಎಲ್ಲಿಗೆ ಎಳೀಲಪ್ಪ? ಶಿರಾಳಕೊಪ್ಪಕ್ಕ ಎಳೀಲಾ?"

ಮದುವೆಯಾಗಿ ಮೂರು ವರ್ಷದಲ್ಲಿ ಇವರು ತಂದೆಗೆ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಹೋಗಿ ಬೆಲ್ಟಿನ ಮೇಲೆ ಹೆಬ್ಬೆರಳಿಟ್ಟೆ. ಮರದ ಹಲಗೆಯಂತೆ ಬಿಗಿಯಾಗಿತ್ತು. ಇಷ್ಟು ಬಿಗಿಯಾದದ್ದು ಜಾರುವುದೆಂದರೇನು? ಬೆರಳನ್ನು ಬೆಲ್ಟಿನ ಒಳಬದಿಗೆ ಹಾಯಿಸಿ ತೆಗೆದೆ. ಬೆರಳು ಮಿಣಮಿಣ ಮಿಂಚುತ್ತಿತ್ತು. ಮೂಸಿ ನೋಡಿದೆ.

ಹರಳೆಣ್ಣೆ. ನಮ್ಮ ಅತ್ತೆ ಕಾಯಿಸಿದ ಎಣ್ಣೆಯ ವಾಸನೆ ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಸ್ವಲ್ಪ ಹೊಗೆ, ಸ್ವಲ್ಪ ಮೆಂತ್ಯ.

ಒಂದು ಕ್ಷಣದಲ್ಲಿ ಸೋಮವಾರಗಳೆಲ್ಲ ನನ್ನ ಮುಂದೆ ಸಾಲಾಗಿ ನಿಂತವು. ಎತ್ತಿನ ಮೈ ತೊಳೆದಾಯಿತು, ಬಂಡಿಯ ಮಿಣಿಗೆ ಎಣ್ಣೆ ಸವರಿಯಾಯಿತು, ಕುಡಿಕೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಮನೆ ಮುಂದೆ ಇನ್ನೊಂದು ಎತ್ತು ನಿಂತಿದೆ. ಚರ್ಮಕ್ಕೆ ಎಣ್ಣೆ ಬೀಳದಿದ್ದರೆ ಬಿರಿಯುತ್ತದೆ ಎಂದು ಬಲ್ಲ ಯಾವ ಬೇಸಾಯಗಾರ ತಾನೇ ಈ ಮಿಣಿಯನ್ನು ಒಣಗಲು ಬಿಟ್ಟಾನು? ಅದು ರಬ್ಬರು ಎಂದು ಮಾವನವರಿಗೆ ಯಾರೂ ಹೇಳಿರಲಿಲ್ಲ. ಅಪ್ಪ ಎಣ್ಣೆ ಹಚ್ಚಿದರು, ಮಗ ಬಿಗಿ ಮಾಡಿದರು. ಅಪ್ಪ ಮತ್ತೆ ಹಚ್ಚಿದರು, ಮಗ ಮತ್ತೆ ಬಿಗಿ ಮಾಡಿದರು. ಎಣ್ಣೆ ಹೋದದ್ದು ಮಾತ್ರ ನನ್ನ ತಲೆಗೆ.

ತಲೆಯೆತ್ತಿ ಮಾವನವರನ್ನು ನೋಡಿದೆ. ನಾನು ಬೆರಳು ಮೂಸಿದ್ದನ್ನು ಅವರು ನೋಡಿಬಿಟ್ಟಿದ್ದರು. ಕೂಡಲೇ ಎದುರಿನ ಭತ್ತದ ಗದ್ದೆಯ ಕಡೆ ತಿರುಗಿ, ತೆನೆ ಎಣಿಸುವವರಂತೆ ನಿಂತರು. ಮಗನ ಸಿಟ್ಟು, ಮಗಳ ಮುಖ, ಎರಡೂ ಅವರ ಬೆನ್ನ ಹಿಂದೆಯೇ ಇದ್ದವು. ಅವರ ಕಿವಿ ಕೆಂಪಾದದ್ದನ್ನು ನಾನು ಕಂಡೆ.

ಹೇಳಬಹುದಾಗಿತ್ತು. ಅತ್ತೆ ಬೆಕ್ಕಿಗೆ ಹೇಳಿದ ಮಾತಿನ ಲೆಕ್ಕಕ್ಕಾದರೂ ಹೇಳಬೇಕಾಗಿತ್ತು. ಆದರೆ ಗಂಟೆ ಒಂಬತ್ತು ದಾಟಿತ್ತು, ಆ ಹುಡುಗಿ ಹಸುವಿನ ಪಾಠವನ್ನೂ ನಿಲ್ಲಿಸಿದ್ದಳು.

"ಬೆಲ್ಟಿಗೆ ಏನೋ ಜಿಡ್ಡು ಹಿಡಿದಿದೆ ರೀ" ಎಂದೆ. "ಬಿಗಿ ಮಾಡೋದಲ್ಲ, ತೊಳೀಬೇಕು. ನನ್ನ ಮಿಷನ್ನಿಗೂ ಒಂದ್ಸಲ ಹೀಗೇ ಎಣ್ಣೆ ತಾಗಿ ಎರಡು ದಿನ ಜಾರಿತ್ತು."

ಈ ಸಲ ಇವರು ಮಿಷನ್ನಿಗೆ ಪೆಟ್ರೋಲ್ ಹಾಕುತ್ತಾರೇನು ಎಂದು ಕೇಳಲಿಲ್ಲ. "ಯಾತರಾಗ ತೊಳೀತಿ?"

"ಡಬ್ಬದಲ್ಲಿ ಸೀಗೆಪುಡಿ ಇದೆ. ಬಿಸಿನೀರು ನಿಮ್ಮ ಕಾರೇ ಕಾಯಿಸಿ ಕೊಟ್ಟಿದೆಯಲ್ಲ."

ಸ್ವಲ್ಪ ಆರುವ ತನಕ ಕಾದು, ರೇಡಿಯೇಟರಿನ ಕೆಳಗಿನ ನಲ್ಲಿಯಿಂದ ಒಂದು ಚೊಂಬು ಬಿಸಿನೀರು ಹಿಡಿದೆವು. ಇವರು ಡೈನಮೋವನ್ನು ಒಳಗೆ ತಳ್ಳಿ ಬೆಲ್ಟನ್ನು ಫ್ಯಾನಿನ ರೆಕ್ಕೆಗಳ ಮೇಲಿಂದ ಬಿಡಿಸಿ ಕೊಟ್ಟರು. ಹುಣಸೆಮರದ ಕೆಳಗೆ ಕಲ್ಲಿನ ಮೇಲೆ ಕೂತು ನಾನೂ ನಾದಿನಿಯೂ ಅದಕ್ಕೆ ಅಭ್ಯಂಜನ ಮಾಡಿಸಿದೆವು. ಅವಳು ನೀರು ಹೊಯ್ದಳು, ನಾನು ಉಜ್ಜಿದೆ. ಅತ್ತೆಯ ಸೀಗೆ ನಿಜಕ್ಕೂ ಒಳ್ಳೆಯ ನೊರೆ ಕೊಟ್ಟಿತು, ಅದನ್ನು ಒಪ್ಪಿಕೊಳ್ಳಲೇಬೇಕು.

"ಅತ್ತಿಗೆ, ಇದಕ್ಕ ಸೀರಿ ಉಡಿಸಿ ಹೂವು ಮುಡಿಸಿದ್ರ ನನ್ನ ಬದ್ಲಿ ಇದನ್ನಽ ಸಂದರ್ಶನಕ್ಕ ಕಳಿಸ್ಬಹುದು" ಎಂದಳು ನಾದಿನಿ. ಅವಳಿಗೆ ಮಾತು ಮರಳಿತಲ್ಲ ಎಂದು ನನಗೆ ಸಮಾಧಾನವಾಯಿತು.

ಗಾಲಿಗಳ ಒಳಗಿನ ಎಣ್ಣೆಯನ್ನೂ ಒರೆಸಬೇಕಿತ್ತು. ಬಟ್ಟೆ ಎಲ್ಲಿದೆ ಎಂದು ನಾನು ನೋಡುತ್ತಿರುವಾಗ ಮಾವನವರು ಗದ್ದೆ ಕಡೆಯಿಂದ ತಿರುಗಿ ಬಂದರು. ಹೆಗಲ ಮೇಲಿದ್ದ ಹೊಸ ವಲ್ಲಿಯನ್ನು ತೆಗೆದರು, ಬಗ್ಗಿ ಗಾಲಿಗಳನ್ನು ಒಂದೊಂದಾಗಿ ಒರೆಸತೊಡಗಿದರು.

"ಅಪ್ಪಾ, ಹೊಸಾದು ಅದು" ಎಂದರು ಇವರು.

"ಇರ್ಲಿ ಬಿಡು. ಮಗಳಿಗಿಂತ ಹೆಚ್ಚಿಂದೇನು?"

ಬೆಲ್ಟು ಒಣಗಿತು. ಮತ್ತೆ ಹಾಕಿದರು. ಈಗ ಎಷ್ಟು ಬಿಗಿಯಬೇಕೆಂಬ ಪ್ರಶ್ನೆ. ಇವರು ಜಾಕಿಯ ಸಲಾಕೆಯನ್ನು ಡೈನಮೋದ ಹಿಂದೆ ಕೊಟ್ಟು ಮೀಟಿ ಹಿಡಿದರು. ನಾನು ಬೆಲ್ಟಿನ ನಡುವೆ ಹೆಬ್ಬೆರಳಿಟ್ಟೆ.

"ಸಾಕಾ?"

"ಇನ್ನೊಂಚೂರು."

"ಈಗ?"

"ಹೆಚ್ಚಾಯ್ತು. ಹಿಂದೆ ಬನ್ನಿ. ಇನ್ನೂ ಸ್ವಲ್ಪ. ಹಾಂ, ಹಾಗೇ ಹಿಡ್ಕೊಳ್ಳಿ, ಅಲ್ಲಾಡಬೇಡಿ."

ಮದುವೆಯಾದಂದಿನಿಂದ ಇವರು ನನ್ನ ಮಾತಿಗೆ ಅಷ್ಟು ವಿಧೇಯರಾಗಿ ಹಿಂದೆ ಮುಂದೆ ಸರಿದದ್ದು ಅದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ಸರಿಸಬಹುದಿತ್ತು ಎಂದು ಆಮೇಲೆ ಅನ್ನಿಸಿತು. ನಾದಿನಿ ಬೋಲ್ಟು ತಿರುಗಿಸಿ ಬಿಗಿ ಮಾಡಿದಳು. ಬೋಲ್ಟು ಸೀಳಿನ ಸರಿಮಧ್ಯದಲ್ಲಿ ಕೂತಿತು.

ಮಾವನವರು ಬಗ್ಗಿ ನೋಡಿದರು. "ಇಷ್ಟು ಸಡಿಲ ಇರ್ಬೇಕೇನವ್ವ?"

"ನೀವೇ ಒತ್ತಿ ನೋಡಿ ಮಾವ. ಕಿರುಬೆರಳಿನ ಅಗಲದಷ್ಟು ತಗ್ಗಬೇಕು. ತೀರ ಬಿಗಿದ್ರೆ ಡೈನಮೋದ ಕುತ್ತಿಗೆಗೆ ಉರುಲು."

ಅವರು ಒತ್ತಿ, ಪಕ್ಕದಲ್ಲಿ ಕಿರುಬೆರಳು ಹಿಡಿದು ಅಳೆದರು. "ಹಂಗಾದ್ರ ಇದು ಮಿಣಿ ಅಲ್ಲ" ಎಂದರು ತಮಗೆ ತಾವೇ. ಆಮೇಲೆ ನನ್ನ ಕಡೆ ನೋಡಿ, ದನಿ ತಗ್ಗಿಸಿ, "ಎಣ್ಣಿ ಕುಡಿಕಿ ವಿಷಯ ನಿಮ್ಮ ಅತ್ತಿಗೆ ನಾನಽ ಹೇಳ್ತೀನಿ" ಎಂದರು.

ಕಾಲುವೆಯ ನೀರು ತಂದು ರೇಡಿಯೇಟರು ತುಂಬಿಸಿ ಹೊರಟಾಗ ಹತ್ತಕ್ಕೆ ಸ್ವಲ್ಪವೇ ಕಡಿಮೆ. ಕಿರುಚಾಟವಿಲ್ಲ, ಕೆಂಪು ದೀಪವಿಲ್ಲ. ಶಿರಾಳಕೊಪ್ಪ ದಾಟಿದ್ದು ಗೊತ್ತೇ ಆಗಲಿಲ್ಲ. ಬಸ್ಸನ್ನು ಮಾತ್ರ ಹಿಂದೆ ಹಾಕಲಿಲ್ಲ. ನಾವು ಸೊರಬ ಮುಟ್ಟಿದಾಗ ಅದೇ ಕಂಡಕ್ಟರು ಸ್ಟ್ಯಾಂಡಿನಲ್ಲಿ ವೀಳ್ಯ ಹಾಕಿಕೊಂಡು, "ಸ್ನಾನ ಆತೇನ್ರೀ?" ಎಂದು ಕೇಳಿದ. ಆಗಿತ್ತು ಎಂದು ಹೇಳಲು ನನಗೆ ಬಾಯಿ ತುಡಿಯಿತು.

ಸಂದರ್ಶನ ನಡೆಯುತ್ತಿದ್ದ ಕಟ್ಟಡದ ಮುಂದೆ ನಿಂತಾಗ ಹನ್ನೊಂದು ಗಂಟೆ ಐದು ನಿಮಿಷ. ಜವಾನ ಜಗುಲಿಯಲ್ಲಿ ನಿಂತು ಹೆಸರು ಕೂಗುತ್ತಿದ್ದ. ಅವಳ ಹೆಸರನ್ನು ಒಂದು ಸಲ ಕೂಗಿ ಆಗಿತ್ತು. ಎರಡನೇ ಸಲ ಕೂಗುವಾಗ ಅವಳು ಮೆಟ್ಟಿಲು ಹತ್ತಿದಳು, ಒಂದು ಕೈಯಲ್ಲಿ ಸರ್ಟಿಫಿಕೇಟು, ಇನ್ನೊಂದು ಕೈ ಸೆರಗಿನೊಳಗೆ. ಆ ಕೈಯ ಮಸಿ ಸೀಗೆಗೂ ಹೋಗಿರಲಿಲ್ಲ.

ನಾವು ಮೂವರೂ ಹೊರಗೆ ಕಾದೆವು. ಸಂದರ್ಶನ ಮಾಡುತ್ತಿದ್ದ ಸಾಹೇಬರ ಜೀಪು ಅಲ್ಲೇ ನಿಂತಿತ್ತು. ಅದರ ಡ್ರೈವರು ಮುಂದಿನ ಮುಚ್ಚಳ ಎತ್ತಿ ನೀರು ಹಾಕುತ್ತಿದ್ದ. ಮಾವನವರು ಕೈ ಹಿಂದೆ ಕಟ್ಟಿಕೊಂಡು ನಿಧಾನವಾಗಿ ಆ ಕಡೆ ನಡೆದರು. ಬಗ್ಗಿ ನೋಡಿದರು. ಯಾರನ್ನೂ ಕೇಳದೆ ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿದರು.

"ಕಿರುಬೆಳ್ಳಿನಷ್ಟು ಐತಿ. ಬರೋಬರಿ ಐತಿ" ಎಂದರು ಡ್ರೈವರಿಗೆ. "ಇದಕ್ಕ ಎಣ್ಣಿ ಹಚ್ಚೀರೇನು?"

"ಇಲ್ಲ ಅಜ್ಜಾರೇ, ಬೆಲ್ಟಿಗೆ ಯಾರಾದ್ರೂ ಎಣ್ಣೆ ಹಚ್ಚುತ್ತಾರಾ?"

"ಅದಽ ಮತ್ತ. ಹಚ್ಚಬ್ಯಾಡ್ರಪ್ಪ. ನಾನು ಸೋಮವಾರ ಸೋಮವಾರ ಹರಳೆಣ್ಣಿ ಹಚ್ಚಿ, ಇವತ್ತು ದಾರಿಯಾಗ ಮರ್ಯಾದಿ ಕಳಕೊಂಡೀನಿ."

ಒಳ್ಳೆಯ ಬುದ್ಧಿಯನ್ನು ಒಬ್ಬರೇ ಇಟ್ಟುಕೊಳ್ಳಬಾರದೆಂದು ಅವರು ಹೇಳಿದ ಮಾತು. ಹಿಂದೆಯೇ ಸೋಡಾ ಬಾಟಲಿ ಹಿಡಿದು ಬಂದಿದ್ದ ಮಗನನ್ನು ಅವರು ನೋಡಿರಲಿಲ್ಲ. ಇವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು.

"ನಿನಗ ಗೊತ್ತಿತ್ತಾ?"

"ಏನೋ ಜಿಡ್ಡು ಅಂದೆನಲ್ಲ ರೀ."

ಇವರು ಸೋಡಾ ಬಾಟಲಿಯ ಗೋಲಿಯನ್ನು ಒಮ್ಮೆ ಅಲ್ಲಾಡಿಸಿದರು. "ಅಪ್ಪ ಹಚ್ಚಿದ್ದು ತಪ್ಪಾದ್ರ ನಾನು ಬಿಗಿದದ್ದೂ ತಪ್ಪಽ. ಕುಡೀರಿ" ಎಂದು ಬಾಟಲಿಯನ್ನು ತಂದೆಯ ಕೈಗೆ ಕೊಟ್ಟರು.

ನಾದಿನಿ ಹೊರಗೆ ಬಂದಳು. ಹಸುವಿನ ಪಾಠ ಕೇಳಲೇ ಇಲ್ಲವಂತೆ. ಸಾಹೇಬರು ಮೊದಲು ಕೇಳಿದ್ದು ಕೈ ಯಾಕೆ ಕಪ್ಪಾಗಿದೆ ಎಂದು. ಬೆಲ್ಟು ತೊಳೆದು ಬಂದೆ ಎಂದಳಂತೆ. ಅವರು ನಂಬಲಿಲ್ಲವಂತೆ. ಆಮೇಲೆ ಗಣಿತ ಕೇಳಿದರಂತೆ, ಒಂದು ಲೆಕ್ಕ ತಪ್ಪಿತಂತೆ. ಆ ಒಂದು ಲೆಕ್ಕವನ್ನು ಹಬ್ಬವೆಲ್ಲ ನಮ್ಮ ತವರಿನ ಜಗುಲಿಯಲ್ಲಿ ಅವಳು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದಳು. ಸೀಗೆಪುಡಿ ಅರ್ಧ ಡಬ್ಬ ಮಾತ್ರ ಯಾಕೆ ಬಂತೆಂದು ನಮ್ಮಮ್ಮ ಕೇಳಿದ್ದಕ್ಕೆ, ಇನ್ನರ್ಧದಲ್ಲಿ ಅಳಿಯಂದಿರ ಎಂಜಿನ್ನು ಮಿಂದಿತು ಎಂದೆ.

ಒಂದು ತಿಂಗಳ ಮೇಲೆ ಆರ್ಡರು ಬಂತು. ಕುಬಟೂರಿನ ಶಾಲೆಗೆ ಹಾಕಿದ್ದರು. ಅತ್ತೆ ಹುಡುಗನನ್ನು ಹುಡುಕುವುದನ್ನು ನಿಲ್ಲಿಸಿ ಹಾಸಿಗೆ ಪಾತ್ರೆ ಹೊಂದಿಸತೊಡಗಿದರು. ಇವರು ಆರ್ಡರನ್ನು ಎರಡು ಸಲ ಓದಿ, ಮೂರನೇ ಸಲ ಓದುವಾಗ ತಡೆದರು. ಸೋಮವಾರ ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಹಾಜರಾಗತಕ್ಕದ್ದು ಎಂದಿತ್ತು.

ನಾದಿನಿ ನನ್ನ ಮುಖ ನೋಡಿದಳು. "ಬಸ್ಸಿಗೆ ಹೋಗ್ತೀನಿ" ಎಂಬ ಮಾತು ಅವಳ ಬಾಯಿತನಕ ಬಂದಿತ್ತು.

ಮಾವನವರು ಜಗುಲಿಯಿಂದ ಎದ್ದು ಕಾರಿನ ಹತ್ತಿರ ಹೋದರು. ಮುಚ್ಚಳ ಎತ್ತುವುದನ್ನು ಅಷ್ಟರಲ್ಲಿ ಕಲಿತಿದ್ದರು. ಬೆಲ್ಟನ್ನು ಒತ್ತಿ, ಕಿರುಬೆರಳು ಪಕ್ಕಕ್ಕೆ ಹಿಡಿದು ನೋಡಿದರು. ಬೆರಳು ಮೂಸಿಯೂ ನೋಡಿದರು.

"ಬರೋಬರಿ ಐತಿ. ಸೋಮವಾರ ಮುಂಜಾನೆ ಆರಕ್ಕ ಹೊರಡೂಣು."

"ಮತ್ತ ಬಸವನ ದಿನ?" ಎಂದು ಅತ್ತೆ ಒಳಗಿನಿಂದ ಕೇಳಿದರು.

"ಎತ್ತು ಹೂಡಂಗಿಲ್ಲ ಅಂದೀನಿ. ಇದು ರಬ್ಬರು. ಇದಕ್ಕ ಯಾವ ಸೋಮವಾರ?"

ಮರುದಿನ ಹೊತ್ತಿರುವುದಿಲ್ಲವೆಂದು ಭಾನುವಾರ ಸಂಜೆಯೇ ಬಂಡಿಯ ಮಿಣಿಗೆಂದು ಮಾವನವರು ಹರಳೆಣ್ಣೆ ಕೇಳಿದಾಗ ಅತ್ತೆ ಕುಡಿಕೆಯನ್ನು ಅವರ ಕೈಗೆ ಕೊಡದೆ ತಾವೇ ಹಿಡಿದುಕೊಂಡು ಅವರ ಹಿಂದೆ ಕೊಟ್ಟಿಗೆಯ ತನಕ ಹೋದರು. ಅವರು ಎಲ್ಲಿಗೆ ಹಚ್ಚುತ್ತಾರೆಂದು ನಿಂತು ನೋಡಿಕೊಂಡೇ ಬಂದರು.